ಬರಹಗಾರರಿಗೆ ಸಲಹೆ: ‘ಎ ಟೇಲ್ ಆಫ್ ಟೂ ಸಿಟೀಸ್’ ಕ್ವಿಜ್ ಬಗ್ಗೆ

ನಮಸ್ಕಾರ.

ಫ್ರೆಂಚ್ ಕ್ರಾಂತಿಯ ಕಾಲದ ಲಂಡನ್, ಪ್ಯಾರಿಸ್‌ಗಳ ಕತೆ ಹೇಳುವ ಚಾರ್ಲ್ಸ್ ಡಿಕನ್ಸ್ ಅವರ ‘ಎ ಟೇಲ್ ಆಫ್ ಟೂ ಸಿಟೀಸ್’ ಕಾದಂಬರಿ ಮೇಲೆ ನೀವು ಕಳಿಸಿದ 40 ಪ್ರಶ್ನೆಗಳ ಕ್ವಿಜ್ ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ನೀವು ಇದನ್ನು ತಿದ್ದಿ ಮತ್ತೆ ಕಳಿಸಬೇಕು ಎಂಬ ಆಸೆ ನನಗಿದೆ. ಅದಕ್ಕೇ ಎರಡು ಸಾಲಿನ ವಿಷಾದಪತ್ರ ಹಾಕದೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಬೆಂಗಳೂರಿನವರಿಗೆ ಕ್ವಿಜ್ ಅಂದರೆ ಇಷ್ಟ, ಈ ಕಾದಂಬರಿಯನ್ನು ಕಾಲೇಜಿನಲ್ಲಿ ಸಂಕ್ಷಿಪ್ತವಾಗಿಯಾದರೂ ಓದಿದವರು ಬೇಕಾದಷ್ಟು ಜನ ಇದ್ದಾರೆ ಎಂದು ನಿಮ್ಮ ಪತ್ರದಲ್ಲಿ ಬರೆದಿದ್ದೀರಿ. ಎರಡೂ ನಿಜ. ಕರ್ನಾಟಕ ಕ್ವಿಜ್ ಅಸೋಸಿಯೇಷನ್ 1983ರಲ್ಲಿ ಹುಟ್ಟಿದ ಊರು ಇದು. ಇಲ್ಲಿ ಕ್ವಿಜ್‌ಗೆ ಹೋಗಿ ರೂಢಿ ಇರುವವರು ಒಳ್ಳೆಯ ಪ್ರಶ್ನೆಯನ್ನು ‘ವರ್ಕೌಟ್ ಆಗುತ್ತೆ’ ಅನ್ನುತ್ತಾರೆ. ಉತ್ತರ ಬಾಯಿಪಾಠ ಇಲ್ಲದಿದ್ದರೂ ಪ್ರಶ್ನೆಯೊಳಗಿನ ಸುಳಿವು ಹಿಡಿದು ಯೋಚಿಸಿದರೆ ಸಿಗಬೇಕು. ನಿಮ್ಮ 40ರಲ್ಲಿ ಹಾಗೆ ಬಿಡಿಸಬಹುದಾದದ್ದು ಮೂರೋ ನಾಲ್ಕೋ ಇವೆ. ಉಳಿದವು ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಅಂಥ ಪ್ರಶ್ನೆಗಳಿಗೆ ಅವೆನ್ಯೂ ರಸ್ತೆಯಲ್ಲಿ ಸಿಗುವ ಗೈಡ್ ಓದಿದವನು, ಕಾದಂಬರಿ ಓದಿದವನಿಗಿಂತ ಜಾಸ್ತಿ ಅಂಕ ತೆಗೆಯುತ್ತಾನೆ. ಇದೇ ನನ್ನ ಮುಖ್ಯ ತಕರಾರು.

ನಿಮ್ಮ 5ನೇ ಪ್ರಶ್ನೆ ನೋಡಿ: ‘ಡಾಕ್ಟರ್ ಮ್ಯಾನೆಟ್ ಬಾಸ್ಟೀಲ್ ಸೆರೆಮನೆಯಲ್ಲಿ ಎಷ್ಟು ವರ್ಷ ಇದ್ದ?’ 18 ವರ್ಷ, ಸರಿ. ಆದರೆ ಆ ಸಂಖ್ಯೆ ಹೇಳಿದವನಿಗೆ ಮ್ಯಾನೆಟ್ ಗೊತ್ತು ಅಂತ ಹೇಗೆ ಹೇಳುವುದು? ಸೆರೆಯಲ್ಲಿ ಚಪ್ಪಲಿ ಹೊಲಿಯುವುದನ್ನು ಕಲಿತ ಮನುಷ್ಯ ಆತ. ಬಿಡುಗಡೆಯಾಗಿ ಲಂಡನ್ನಿಗೆ ಬಂದು, ಮಗಳ ಜೊತೆ ವರ್ಷಗಟ್ಟಲೆ ನೆಮ್ಮದಿಯಾಗಿದ್ದ ಮೇಲೂ ಆ ಹಲಗೆ, ಆ ಸಲಕರಣೆ ಕೋಣೆಯಲ್ಲೇ ಇರುತ್ತವೆ. ಮಗಳ ಮದುವೆಯ ದಿನ, ವಧೂವರರು ಹೊರಟ ಮೇಲೆ, ಆತ ಮತ್ತೆ ಹಲಗೆಯ ಮುಂದೆ ಕೂತು ಹೊಲಿಯಲು ಶುರುಮಾಡುತ್ತಾನೆ. ಒಂಬತ್ತು ದಿನ ಯಾರ ಗುರುತೂ ಹತ್ತುವುದಿಲ್ಲ. ನಿಮ್ಮ ಪ್ರಶ್ನೆ ಇಲ್ಲಿಂದ ಏಳಬೇಕಿತ್ತು: ‘ಮದುವೆಯ ಬೆಳಗ್ಗೆ ಅಳಿಯ ಮಾವನಿಗೆ ಒಂದು ಗುಟ್ಟು ಹೇಳುತ್ತಾನೆ. ಅವತ್ತೇ ಮಾವ ಮತ್ತೆ ಚಪ್ಪಲಿ ಹೊಲಿಯಲು ಕೂರುತ್ತಾನೆ. ಆ ಗುಟ್ಟು ಏನಿರಬಹುದು?’ ಓದಿದವನಿಗೆ ತಕ್ಷಣ ಹೊಳೆಯುತ್ತದೆ: ಚಾರ್ಲ್ಸ್ ಡಾರ್ನೆ ಅವತ್ತು ತನ್ನ ನಿಜವಾದ ಮನೆತನದ ಹೆಸರು ಹೇಳಿದ, ಅದು ಮ್ಯಾನೆಟ್‌ನನ್ನು ಸೆರೆಗೆ ತಳ್ಳಿದ ಎವ್ರೆಮಾಂಡ್ ಮನೆತನ. ಅರ್ಧ ಮರೆತವನು ಕೂಡ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಅಲ್ಲಿಗೆ ಬರುತ್ತಾನೆ. ಓದದವನಿಗೆ ಪುಸ್ತಕ ತೆಗೆಯಬೇಕು ಅನಿಸುತ್ತದೆ. ಎಷ್ಟು ವರ್ಷ ಅಂತ ಕೇಳಿದರೆ ಈ ಮೂರರಲ್ಲಿ ಒಂದೂ ಆಗುವುದಿಲ್ಲ.

ಒಂದು ಪ್ರಶ್ನೆಯನ್ನು ಮಾತ್ರ ಮನಸಾರೆ ಮೆಚ್ಚಿದೆ. 22ನೆಯದು. ‘ಮ್ಯಾನೆಟ್ ತನ್ನ ಕತೆಯನ್ನು ಸೆರೆಮನೆಯಲ್ಲಿ ಗುಟ್ಟಾಗಿ ಬರೆದ ವರ್ಷ ಯಾವುದು?’ ಆಯ್ಕೆಗಳು 1757, 1767, 1775, 1789. ಇದೂ ವರ್ಷ ಕೇಳುವ ಪ್ರಶ್ನೆಯೇ. ಆದರೂ ಚೆನ್ನಾಗಿದೆ, ಏಕೆಂದರೆ ನಾಲ್ಕು ಆಯ್ಕೆಗಳೂ ಕಾದಂಬರಿಯೊಳಗಿಂದ ಬಂದಿವೆ. 1757 ಆತನನ್ನು ಸೆರೆಗೆ ಹಾಕಿದ ವರ್ಷ, 1767 ಬರೆದದ್ದು, 1775 ಹೊರಗೆ ಬಂದದ್ದು, 1789 ಕ್ರಾಂತಿಯ ದಿನ ಪ್ಯಾರಿಸ್ಸಿನ ವೈನ್ ಅಂಗಡಿಯವ ಡಿಫಾರ್ಜ್ ಆ ಕಾಗದವನ್ನು ಹುಡುಕಿ ತೆಗೆದದ್ದು. ಓದುಗ ಸರಿ ಉತ್ತರಕ್ಕೆ ಬರುವಷ್ಟರಲ್ಲಿ ಇಡೀ ಕತೆಯನ್ನು ಮನಸ್ಸಿನಲ್ಲಿ ಒಂದು ಸಲ ಸುತ್ತಿ ಬಂದಿರುತ್ತಾನೆ. ತಪ್ಪು ಆಯ್ಕೆಗಳನ್ನು ಹೀಗೇ ಕಟ್ಟಬೇಕು. 31ನೇ ಪ್ರಶ್ನೆಯಲ್ಲಿ ನೀವು ಹಾಕಿರುವ ‘ನೆಪೋಲಿಯನ್’, ‘ಮೇಲಿನ ಎಲ್ಲರೂ’ ಸುಮ್ನೆ ಜಾಗ ತುಂಬಿಸಲು ಬಂದಿವೆ. ಅವನ್ನು ಯಾರೂ ಆರಿಸುವುದಿಲ್ಲ.

ಇನ್ನು ತಪ್ಪುಗಳು. ಎರಡು ತಪ್ಪು ದೊಡ್ಡವು.

40ನೇ ಪ್ರಶ್ನೆಯಲ್ಲಿ ‘ಗಿಲೊಟಿನ್ ಮುಂದೆ ನಿಂತು ಸಿಡ್ನಿ ಕಾರ್ಟನ್ ಹೇಳಿದ ಪ್ರಸಿದ್ಧ ಕೊನೆಯ ಮಾತು ಯಾವುದು?’ ಎಂದು ಕೇಳಿದ್ದೀರಿ. ಡಾರ್ನೆಯಂತೆಯೇ ಕಾಣುವ, ಅವನ ಬದಲು ಸಾಯಲು ಹೋಗುವ ಕಾರ್ಟನ್ ಆ ಮಾತು ಹೇಳುವುದೇ ಇಲ್ಲ. ಕೊನೆಯ ಅಧ್ಯಾಯ ತೆಗೆದು ನೋಡಿ. ತನ್ನ ಯೋಚನೆಗಳನ್ನು ಬಾಯಿಬಿಟ್ಟು ಹೇಳಿದ್ದರೆ, ಅವು ಮುಂದಾಗುವುದನ್ನು ಕಂಡ ಮಾತುಗಳಾಗಿದ್ದರೆ ಹೀಗಿರುತ್ತಿದ್ದವು ಎಂದು ಹೇಳಿ ಡಿಕನ್ಸ್ ಆ ಸಾಲುಗಳನ್ನು ಕೊಡುತ್ತಾರೆ. ಆ ಜಾಗದಲ್ಲಿ ಕಾರ್ಟನ್ ನಿಜವಾಗಿ ಮಾತಾಡುವುದು ತನ್ನ ಜೊತೆ ಗಾಡಿಯಲ್ಲಿ ಬಂದ ಬಡ ಹೊಲಿಗೆಯ ಹುಡುಗಿಯ ಹತ್ತಿರ. ಇವನು ಡಾರ್ನೆ ಅಲ್ಲ ಎಂದು ಆ ಹುಡುಗಿಗೆ ಸೆರೆಮನೆಯಲ್ಲೇ ಗೊತ್ತಾಗಿರುತ್ತದೆ. ಅವನಿಗಾಗಿ ಸಾಯುತ್ತಿದ್ದೀಯಾ ಎಂದು ಕೇಳುತ್ತಾಳೆ. ಅವನ ಹೆಂಡತಿ ಮಗುವಿಗಾಗಿಯೂ ಹೌದು ಅನ್ನುತ್ತಾನೆ. ಗುಟ್ಟು ಬಿಟ್ಟುಕೊಡದೆ ಕೈ ಹಿಡಿದುಕೊಳ್ಳಲು ಬಿಡು ಎಂದಷ್ಟೇ ಅವಳು ಕೇಳುವುದು. ಇಷ್ಟು ಒಳ್ಳೆಯ ಜಾಗ ಬಿಟ್ಟು, ಎಲ್ಲರೂ ಎಲ್ಲೆಲ್ಲೋ ಓದಿರುವ ಸಾಲಿನ ಹಿಂದೆ ನೀವು ಏಕೆ ಹೋದಿರಿ? ಕಾರ್ಟನ್ ಯಾರು ಎಂದು ಗುರುತಿಸಿದ ಹುಡುಗಿಯ ಬಗ್ಗೆ ಕೇಳಿ. ಅವಳ ಹೆಸರು ಕಾದಂಬರಿಯಲ್ಲಿ ಇಲ್ಲ. ಅದನ್ನೂ ಉತ್ತರದಲ್ಲಿ ಹೇಳಿ.

ಎರಡನೆಯದು, ಡಿಫಾರ್ಜ್‌ನ ಹೆಂಡತಿ ಮದಾಂ ಡಿಫಾರ್ಜ್‌ಗೆ ಗಿಲೊಟಿನ್‌ನಲ್ಲಿ ಸಾವು ಬಂತು ಎಂದು ನಿಮ್ಮ ಉತ್ತರಪಟ್ಟಿ ಹೇಳುತ್ತದೆ. ಇಲ್ಲ. ಮ್ಯಾನೆಟ್ ಮಗಳು ಲೂಸಿಯ ಮನೆಯಲ್ಲಿ, ಲೂಸಿಯನ್ನು ಸಾಕಿದ ಮಿಸ್ ಪ್ರಾಸ್ ಜೊತೆ ಕೈಕೈ ಮಿಲಾಯಿಸಿದಾಗ ತನ್ನದೇ ಪಿಸ್ತೂಲು ಹಾರಿ ಸಾಯುತ್ತಾಳೆ. ಆ ಸದ್ದಿಗೆ ಮಿಸ್ ಪ್ರಾಸ್ ಕಿವಿ ಶಾಶ್ವತವಾಗಿ ಹೋಗುತ್ತದೆ. ತಿದ್ದುವಾಗ ‘ಹೇಗೆ ಸತ್ತಳು’ ಅಂತ ನೇರವಾಗಿ ಕೇಳಬೇಡಿ. ಮುಂದಿನ ಅಧ್ಯಾಯದಲ್ಲಿ ಹೆಣಿಗೆ ಹಾಕುತ್ತಾ ತಲೆ ಎಣಿಸುವ ಹೆಂಗಸರ ನಡುವೆ ಒಂದು ಕುರ್ಚಿ ಖಾಲಿ ಇರುತ್ತದೆ. ಗೆಳತಿ ಮದಾಂ ಡಿಫಾರ್ಜ್‌ಳ ಹೆಸರು ಹಿಡಿದು ‘ತೆರೇಸ್, ತೆರೇಸ್’ ಎಂದು ಕೂಗುತ್ತಲೇ ಇರುತ್ತಾಳೆ. ಆ ಕುರ್ಚಿ ಏಕೆ ಖಾಲಿ ಇತ್ತು ಎಂದು ಕೇಳಿ. ಅಲ್ಲಿರುವ ಯಾರಿಗೂ ಗೊತ್ತಿಲ್ಲದ್ದು ಓದುಗನಿಗೆ ಮಾತ್ರ ಗೊತ್ತಿರುತ್ತದೆ. ಓದಿದ್ದಕ್ಕೆ ಸಿಗುವ ಸುಖ ಅದೇ ಅಲ್ವಾ?

ಜೆರಿ ಕ್ರಂಚರ್ ಬಗ್ಗೆ ಒಂದೇ ಒಂದು ಪ್ರಶ್ನೆ ಇಟ್ಟಿದ್ದೀರಿ, ಅದೂ ‘ಯಾವ ಬ್ಯಾಂಕಿನ ಬಾಗಿಲಲ್ಲಿ ಕೆಲಸ ಮಾಡುತ್ತಿದ್ದ?’ ಎಂದು. ಈ ಪಾತ್ರ ನಿಮ್ಮ ಕೈಯಿಂದ ಜಾರಿಹೋದದ್ದು ನೋಡಿ ನನಗೆ ನಿಜವಾಗಿ ಬೇಜಾರಾಯಿತು. ಬ್ಯಾಂಕಿನ ಆಳು, ಹೆಂಡತಿ ಪ್ರಾರ್ಥನೆ ಮಾಡಿದರೆ ಸಿಡಿಮಿಡಿ, ಬೆಳಗ್ಗೆ ಎದ್ದರೆ ಬೂಟಿಗೆ ಮಣ್ಣು. ಅಪ್ಪನ ಬೆರಳಿಗೆ ಯಾವಾಗಲೂ ತುಕ್ಕು ಏಕೆ ಅಂತ ಮಗನಿಗೆ ಆಶ್ಚರ್ಯ. ಸುಮಾರು ದೂರ ಓದಿದ ಮೇಲೆ ತಿಳಿಯುತ್ತದೆ: ರಾತ್ರಿ ಹೊತ್ತು ಸಮಾಧಿ ಅಗೆದು ಹೆಣ ಕದ್ದು ಮಾರುವುದು ಅವನ ಕಸುಬು. ನಗಿಸಲು ತಂದ ಪಾತ್ರ ಎಂದು ನಾವು ಅಂದುಕೊಂಡಿರುತ್ತೇವೆ. ಆದರೆ ಒಂದು ರಾತ್ರಿ ಅವನು ರೋಜರ್ ಕ್ಲೈ ಎಂಬ ಗೂಢಚಾರನ ಸಮಾಧಿ ಅಗೆದಾಗ ಪೆಟ್ಟಿಗೆಯಲ್ಲಿ ಹೆಣ ಇರುವುದಿಲ್ಲ, ಕಲ್ಲುಮಣ್ಣು ಇರುತ್ತದೆ. ವರ್ಷಗಳ ಮೇಲೆ ಪ್ಯಾರಿಸ್ಸಿನಲ್ಲಿ ಬಾರ್ಸಾಡ್ ಎಂಬ ಗೂಢಚಾರನನ್ನು ಕಾರ್ಟನ್ ಬಗ್ಗಿಸುವುದು ಇದೇ ಸಂಗತಿ ಹಿಡಿದು. ಬಾರ್ಸಾಡ್ ಬಗ್ಗದಿದ್ದರೆ ಕಾರ್ಟನ್ ಸೆರೆಮನೆಯೊಳಗೆ ಹೋಗಲಾರ, ಡಾರ್ನೆ ಉಳಿಯಲಾರ. ಒಬ್ಬ ಹೆಣಕಳ್ಳನ ಕೆಲಸ ಒಂದು ಜೀವ ಉಳಿಸುತ್ತದೆ. ಕಾದಂಬರಿಯ ಮೊದಲ ಭಾಗದ ಹೆಸರೇ ಬದುಕಿಗೆ ಮರಳಿ ಕರೆ ಬಂದದ್ದನ್ನು ಹೇಳುತ್ತದೆ. ಸೆರೆಯಿಂದ ಎದ್ದುಬಂದ ಮ್ಯಾನೆಟ್, ಸಮಾಧಿ ತೋಡುವ ಕ್ರಂಚರ್, ಸತ್ತಂತೆ ನಟಿಸಿದ ಕ್ಲೈ, ಎಲ್ಲರೂ ಆ ಒಂದೇ ಎಳೆಯಲ್ಲಿ ಇದ್ದಾರೆ. ‘ಜೆರಿಯ ಬೆರಳಿನ ತುಕ್ಕಿಗೂ ಡಾರ್ನೆ ಪಾರಾಗುವುದಕ್ಕೂ ಏನು ಸಂಬಂಧ?’ ಎಂದು ಕೇಳಿ ನೋಡಿ. ಇಡೀ ಪುಟ ಉತ್ತರ ಬರೆಯುವ ಓದುಗರು ಸಿಗುತ್ತಾರೆ.

ಪ್ಯಾರಿಸ್ಸಿನ ಸೇಂಟ್ ಆಂಟ್ವಾನ್ ಬೀದಿಯಲ್ಲಿ ವೈನ್ ಪೀಪಾಯಿ ಒಡೆಯುವ ಪ್ರಸಂಗಕ್ಕೂ ಇದೇ ಮಾತು. ಗೋಡೆಯ ಮೇಲೆ ಬರೆದ ಪದ ಯಾವುದು ಎಂದು ಕೇಳಿದ್ದೀರಿ. ‘ರಕ್ತ’ ಎಂದು ಯಾರಾದರೂ ಊಹಿಸುತ್ತಾರೆ. ಆ ಪದವನ್ನು ಡಿಫಾರ್ಜ್ ಕೆಸರು ಹಚ್ಚಿ ಅಳಿಸುತ್ತಾನೆ, ಇಂಥ ಮಾತು ಬರೆಯಲು ಬೇರೆ ಜಾಗ ಇಲ್ಲವೇ ಎಂದು ಬರೆದವನ ಎದೆಯ ಮೇಲೆ ಕೈ ಇಡುತ್ತಾನೆ. ಬರೆದವನು ಗಾಸ್ಪಾರ್. ಮುಂದೆ ಎವ್ರೆಮಾಂಡ್ ಮನೆತನದ ಮಾರ್ಕ್ವಿಸ್‌ನ ಗಾಡಿಯಡಿ ಸಿಕ್ಕಿ ಸಾಯುವುದು ಅವನ ಮಗು. ಮಾರ್ಕ್ವಿಸ್ ಒಂದು ನಾಣ್ಯ ಎಸೆದು ಹೋಗುತ್ತಾನೆ. ಆ ಮಾರ್ಕ್ವಿಸ್‌ನನ್ನು ಕೊಂದು ನಲವತ್ತು ಅಡಿ ಎತ್ತರದ ಗಲ್ಲಿಗೇರುವವನೂ ಗಾಸ್ಪಾರ್. ಈ ಸರಪಳಿಯನ್ನು ಓದುಗನೇ ಜೋಡಿಸುವ ಹಾಗೆ ಪ್ರಶ್ನೆ ಮಾಡಿ.

ಜೋಡಣೆಯಲ್ಲೂ ಗಮನ ಬೇಕು. 7ನೇ ಪ್ರಶ್ನೆಯಲ್ಲಿ ‘ಎವ್ರೆಮಾಂಡ್ ಮನೆತನದ ಡಾರ್ನೆಗೆ ಮಾರ್ಕ್ವಿಸ್ ಏನಾಗಬೇಕು?’ ಎಂದು ಕೇಳಿ, 19ರಲ್ಲಿ ‘ಡಾರ್ನೆಯ ನಿಜವಾದ ಮನೆತನ ಯಾವುದು?’ ಎಂದರೆ ಉತ್ತರ ನೀವೇ ಕೊಟ್ಟ ಹಾಗಾಯಿತು. 3ನೇ ಪ್ರಶ್ನೆಯಲ್ಲೇ ಕಾರ್ಟನ್ ಸಾಯುತ್ತಾನೆ ಎಂದು ಹೇಳಿಬಿಟ್ಟಿದ್ದೀರಿ. ಓದದವರೂ ನಮ್ಮ ಓದುಗರೇ, ಅವರಿಗೆ ಹೀಗೆ ಮಾಡಬಾರದು. ಕಾದಂಬರಿಗೆ ಮೂರು ಭಾಗ ಇವೆ. ಕ್ವಿಜ್ಜಿಗೂ ಮೂರು ಭಾಗ ಮಾಡಿ, ಓದು ಎಲ್ಲಿಗೆ ಬಂದಿದೆಯೋ ಅಲ್ಲಿಗೆ ನಿಲ್ಲಿಸಬಹುದು ಎಂದು ಮೊದಲೇ ಹೇಳಿ. 1859ರ ಏಪ್ರಿಲ್ ಕೊನೆಯಿಂದ ನವೆಂಬರ್ ಕೊನೆವರೆಗೆ ವಾರವಾರ ಧಾರಾವಾಹಿಯಾಗಿ ಬಂದ ಕತೆ ಇದು. ವಾರಪತ್ರಿಕೆಯ ಧಾರಾವಾಹಿಗೆ ಕಾದು ಓದಿದ ನಮ್ಮವರಿಗೆ ಈ ವಿಷಯ ಹೇಳಿದರೆ ಖುಷಿಯಾಗುತ್ತದೆ. ನಿಮ್ಮ ಬರಹದಲ್ಲಿ ಅದು ಇಲ್ಲವೇ ಇಲ್ಲ.

ಕ್ರಾಂತಿಯ ಇತಿಹಾಸದ ಮೇಲಿನ ಎಂಟು ಪ್ರಶ್ನೆಗಳನ್ನು ತೆಗೆದುಬಿಡಿ. ಗಿಲೊಟಿನ್ ಮೊದಲು ಬಳಸಿದ ತಾರೀಕು ಕಾದಂಬರಿಯ ಓದಿಗೆ ಏನೂ ಸೇರಿಸುವುದಿಲ್ಲ. ಆದರೆ ಇತಿಹಾಸವನ್ನು ಉತ್ತರದ ಟಿಪ್ಪಣಿಯಲ್ಲಿ ತನ್ನಿ, ನಮ್ಮ ಕಡೆಯಿಂದ ತನ್ನಿ. 1788ರ ಆಗಸ್ಟ್‌ನಲ್ಲಿ ಟಿಪ್ಪು ಸುಲ್ತಾನನ ರಾಯಭಾರಿಗಳು ವರ್ಸೇಲ್ಸ್ ಅರಮನೆಯಲ್ಲಿ ಫ್ರಾನ್ಸಿನ ದೊರೆ ಹದಿನಾರನೇ ಲೂಯಿಯನ್ನು ಕಂಡಿದ್ದರು. ಬಾಸ್ಟೀಲ್ ಬಿದ್ದದ್ದು ಮರುವರ್ಷ ಜುಲೈ 14ರಂದು. ಅಲ್ಲಿಂದ 1792ಕ್ಕೆ ಡಿಕನ್ಸ್ ಒಂದೇ ಹೆಜ್ಜೆಗೆ ಹಾರಿಬಿಡುತ್ತಾರೆ. ಆ ನಡುವಿನ ವರ್ಷಗಳಲ್ಲೇ, 1791ರ ಮಾರ್ಚ್‌ನಲ್ಲಿ, ನಮ್ಮ ಬೆಂಗಳೂರು ಕೋಟೆ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಕೈಗೆ ಹೋಯಿತು. ಕೆ.ಆರ್. ಮಾರುಕಟ್ಟೆ ಹತ್ತಿರ ಉಳಿದಿರುವ ಕೋಟೆಯ ಗೋಡೆಯನ್ನು ದಿನಾ ಬಸ್ಸಿನಿಂದ ನೋಡುವವರಿಗೆ ಆ ಕಾಲ ಇದರಿಂದ ಹತ್ತಿರವಾಗುತ್ತದೆ.

ಉತ್ತರಪಟ್ಟಿ ಈಗ ‘1-ಆ, 2-ಈ’ ಎಂದು ಅರ್ಧ ಪುಟದಲ್ಲಿ ಮುಗಿದಿದೆ. ನಿಮ್ಮ ಬರವಣಿಗೆ ಕಾಣಬೇಕಾದ ಜಾಗವೇ ಅದು. ಪ್ರತಿ ಉತ್ತರಕ್ಕೂ ನಾಲ್ಕೈದು ಸಾಲು ಬರೆಯಿರಿ, ಯಾವ ಭಾಗ, ಯಾವ ಅಧ್ಯಾಯ ಎಂದು ಕೊಡಿ. ತಪ್ಪಿದವನು ಆ ಪುಟ ತೆಗೆಯಬೇಕು.

40 ಬೇಡ, 15 ಪ್ರಶ್ನೆ ಸಾಕು. ಬರೆಯುವ ಮೊದಲು ಪೂರ್ತಿ ಕಾದಂಬರಿಯನ್ನು ಇನ್ನೊಂದು ಸಲ ಓದಿ, ಸಂಕ್ಷಿಪ್ತ ಆವೃತ್ತಿ ಬೇಡ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ. ನವೆಂಬರ್ ಸಂಚಿಕೆಯಲ್ಲಿ ನಿಮಗಾಗಿ ನಾಲ್ಕು ಪುಟ ಇಟ್ಟಿರುತ್ತೇನೆ. ಅಕ್ಟೋಬರ್ ಮೊದಲ ವಾರದೊಳಗೆ ನನ್ನ ಕೈಗೆ ಬರಲಿ.

ವಿಶ್ವಾಸದಿಂದ,
ಸಂಪಾದಕ
ಬಸವನಗುಡಿ, ಬೆಂಗಳೂರು