ಎಚ್‌ಟಿಎಂಎಲ್ 6 ಯಾವಾಗ ಬರುತ್ತದೆ? ಈಗಿನ ಅಧಿಕೃತ ನಿಯಮ ಯಾವುದು?

ಎಚ್‌ಟಿಎಂಎಲ್ 6 ಬರುವ ಲಕ್ಷಣವಿಲ್ಲ. ವೆಬ್ ಪುಟ ಬರೆಯುವ ಈ ಭಾಷೆಗೆ ಆವೃತ್ತಿ ಸಂಖ್ಯೆ ಕೊಡುವುದನ್ನೇ ಬಿಟ್ಟಿದ್ದಾರೆ. ಈಗಿರುವ ಒಂದೇ ಮಾನಕ 'ಲಿವಿಂಗ್ ಸ್ಟ್ಯಾಂಡರ್ಡ್', ಅಂದರೆ ಆಗಾಗ ತಿದ್ದುತ್ತಲೇ ಹೋಗುವ ದಾಖಲೆ. ಅದನ್ನು ನೋಡಿಕೊಳ್ಳುವುದು ವಾಟ್‌ಡಬ್ಲ್ಯುಜಿ. ಆಪಲ್, ಗೂಗಲ್, ಮೈಕ್ರೋಸಾಫ್ಟ್, ಮೊಜಿಲ್ಲಾಗಳ ಉಸ್ತುವಾರಿಯ ಗುಂಪು. ವೆಬ್ ಮಾನಕಗಳ ಇನ್ನೊಂದು ಸಂಸ್ಥೆಯಾದ ಡಬ್ಲ್ಯು3ಸಿ ಬೇರೆಯೇ ಪ್ರತಿ ಹೊರಡಿಸುತ್ತಿತ್ತು. 2019ರ ಮೇ ತಿಂಗಳಲ್ಲಿ ಒಪ್ಪಂದವಾಗಿ ಆ ಗೊಂದಲ ಮುಗಿಯಿತು.

ಸಂಖ್ಯೆ ಯಾಕೆ ಬೇಡವೆಂದರೆ, ಹಳೆಯ ಪುಟವಿರಲಿ ಹೊಸದಿರಲಿ, ಬ್ರೌಸರು ಟ್ಯಾಗುಗಳನ್ನು (ಪುಟದ ಭಾಗಗಳನ್ನು ಗುರುತಿಸುವ ಸಂಕೇತಗಳನ್ನು) ಓದುವುದು ಒಂದೇ ನಿಯಮದಲ್ಲಿ. ತಪ್ಪಾಗಿ ಬರೆದದ್ದನ್ನು ಹೇಗೆ ಓದಬೇಕು ಎಂಬುದೂ ಮಾನಕದಲ್ಲೇ ಇದೆ. ಪ್ಯಾರಾದ ಪಿ ಟ್ಯಾಗಿನೊಳಗೆ ಪಟ್ಟಿಯ ಯುಎಲ್ ಟ್ಯಾಗು ಹಾಕಿ ನೋಡಿ: ಪಟ್ಟಿ ಶುರುವಾದ ಕೂಡಲೇ ಬ್ರೌಸರು ಪ್ಯಾರಾವನ್ನು ತಾನೇ ಮುಚ್ಚುತ್ತದೆ. ಕೊನೆಗೆ ನೀವು ಬರೆದ ಮುಚ್ಚುವ ಟ್ಯಾಗಿಗೆ ಜೋಡಿ ಸಿಗದೆ ಖಾಲಿ ಪ್ಯಾರಾ ಒಂದು ಹುಟ್ಟುತ್ತದೆ. ಪ್ಯಾರಾಕ್ಕೆ ಕೊಟ್ಟ ಬಣ್ಣ ಪಟ್ಟಿಗೆ ಹತ್ತದಿರುವುದೂ ಇದರಿಂದಲೇ.

ಮಾನಕ ಓದಲು ಕಷ್ಟ. ಅದು ಮುಖ್ಯವಾಗಿ ಬ್ರೌಸರ್ ಕಟ್ಟುವವರಿಗೆ. ದಿನದ ಕೆಲಸಕ್ಕೆ ಎಂಡಿಎನ್ ಎಂಬ ಕೈಪಿಡಿ ಜಾಲತಾಣ ಸಾಕು. ಯಾವ ಟ್ಯಾಗು ಯಾವ ಬ್ರೌಸರಿನಲ್ಲಿ ನಡೆಯುತ್ತದೆ ಎಂಬ ಕೋಷ್ಟಕ ಆಯಾ ಪುಟದ ಕೆಳಗಡೆ ಇರುತ್ತದೆ. ತಪ್ಪು ಹುಡುಕಲು ಡಬ್ಲ್ಯು3ಸಿಯ ವ್ಯಾಲಿಡೇಟರಿಗೆ ಕೋಡ್ ಅಂಟಿಸಿ. ಮೊದಲ ದೋಷ ಸರಿಪಡಿಸಿ ಮತ್ತೆ ಓಡಿಸಿ, ಕೆಳಗಿನ ಎಷ್ಟೋ ದೋಷಗಳು ಅದರ ಬಾಲಗಳೇ.

ಕನ್ನಡ ಪುಟವಾದರೆ, ಅಕ್ಷರಗಳನ್ನು ಬೈಟ್‌ಗಳಾಗಿ ಬರೆದ ಕ್ರಮ ಯುಟಿಎಫ್-8 ಎಂದು ಹೇಳುವ ಮೆಟಾ ಟ್ಯಾಗು ಟೈಟಲ್‌ಗಿಂತ ಮೇಲಿರಲಿ. ಅದು ಫೈಲಿನ ಮೊದಲ 1024 ಬೈಟ್‌ಗಳೊಳಗೆ ಬರಬೇಕು, ಕನ್ನಡದ 'ಕ' ಒಂದಕ್ಕೇ 3 ಬೈಟ್ ಹೋಗುತ್ತದೆ, ಹಾಗಾಗಿ ಕನ್ನಡದ ಟೈಟಲ್ ಮೊದಲು ಬಂದರೆ ಆ ಜಾಗ ಬೇಗ ಖರ್ಚಾಗುತ್ತದೆ.