ರದ್ದೋ, ವಜಾನೋ, ವಾಪಸೋ?

ಪ್ರಶ್ನೆ: ಸರ್ಕಾರಿ ಆದೇಶಗಳಲ್ಲಿ ‘ರದ್ದುಪಡಿಸಿದೆ’, ‘ವಜಾ ಮಾಡಿದೆ’, ‘ಹಿಂಪಡೆದಿದೆ’ ಎಂದೆಲ್ಲ ಬರುತ್ತದೆ. ಮೂರೂ ಒಂದೇ ಅಲ್ಲವೇ?

ಉತ್ತರ: ಅಲ್ಲ. ಊರ್ಜಿತದಲ್ಲಿದ್ದದ್ದನ್ನು ಇನ್ನು ನಡೆಯದಂತೆ ಮಾಡುವುದು ರದ್ದು: ಆದೇಶ, ಟೆಂಡರ್, ಪಡಿತರ ಚೀಟಿ, ಹೊರಡಬೇಕಿದ್ದ ರೈಲು. ಪರವಾನಗಿ ಕೇಳಿ ಹಾಕಿದ ಅರ್ಜಿಯನ್ನು ಒಪ್ಪದಿದ್ದರೆ ‘ತಿರಸ್ಕಾರ’, ಕೊಟ್ಟ ಪರವಾನಗಿಯನ್ನು ಇಲ್ಲವಾಗಿಸಿದರೆ ‘ರದ್ದು’, ಕೆಲಕಾಲ ತಡೆದರೆ ‘ಅಮಾನತು’.

‘ವಜಾ’ ಲೆಕ್ಕದ ಪುಸ್ತಕದಿಂದ ಬಂದ ಮಾತು. ಮರಾಠಿಯಲ್ಲಿ ಇಂದಿಗೂ ಅದಕ್ಕೆ ಕಳೆಯುವುದು ಎಂದೇ ಅರ್ಥ. ನಮ್ಮಲ್ಲೂ ಮುಂಗಡವನ್ನು ಸಂಬಳದಲ್ಲಿ ವಜಾ ಮಾಡಿಕೊಳ್ಳುವುದುಂಟು. ಆಡಳಿತದಲ್ಲಿ ಅದು ಸಲ್ಲುವುದು ನೌಕರನಿಗೆ ಮತ್ತು ಕೋರ್ಟಿನ ಅರ್ಜಿ, ಮೇಲ್ಮನವಿಗಳಿಗೆ. ನೌಕರನನ್ನು ರದ್ದುಪಡಿಸಲಾಗದು, ಅವನ ನೇಮಕಾತಿಯನ್ನು ರದ್ದುಪಡಿಸಬಹುದು. ‘ಎಫ್‌ಐಆರ್ ರದ್ದು ಕೋರಿದ್ದ ಅರ್ಜಿ ವಜಾ’ ಎಂಬ ತಲೆಬರಹ ಓದಿ ಆರೋಪಿ ಪಾರಾದ ಎಂದುಕೊಳ್ಳುವವರಿದ್ದಾರೆ. ವಜಾ ಆದದ್ದು ಅರ್ಜಿ ಮಾತ್ರ. ಎಫ್‌ಐಆರ್ ಹಾಗೇ ಇದೆ.

‘ಹಿಂಪಡೆ’ಗೆ ನೋಟುಗಳೇ ಸಾಕ್ಷಿ. 2016ರ ನವೆಂಬರ್ 8ರ ಮಧ್ಯರಾತ್ರಿಯಿಂದ 500 ಮತ್ತು 1000 ರೂಪಾಯಿಯ ಹಳೆಯ ನೋಟುಗಳಿಗೆ ಕಾನೂನಿನ ಮಾನ್ಯತೆ ಹೋಯಿತು. ‘ನೋಟು ರದ್ದತಿ’ ಎಂದದ್ದು ಸರಿಯೇ. 2023ರ ಮೇ 19ರಂದು 2000ದ ನೋಟನ್ನು ರಿಸರ್ವ್ ಬ್ಯಾಂಕ್ ಚಲಾವಣೆಯಿಂದ ಹಿಂಪಡೆಯುವುದಾಗಿ ಪ್ರಕಟಿಸಿತು, ಆದರೆ ಮಾನ್ಯತೆ ತೆಗೆಯಲಿಲ್ಲ. ಅದನ್ನೂ ‘ರದ್ದು’ ಎಂದರೆ ತಪ್ಪು.

ಪ್ರಶ್ನೆ: ಕಾಯ್ದೆಗೆ ಮಾತ್ರ ‘ನಿರಸನ’ ಎಂಬ ಬೇರೆ ಪದವೇಕೆ?

ಉತ್ತರ: ಶಾಸನಸಭೆ ಮಾಡಿದ್ದನ್ನು ಶಾಸನಸಭೆಯೇ ತೆಗೆದುಹಾಕಿದರೆ ನಿರಸನ. ಮೂರು ಕೃಷಿ ಕಾಯ್ದೆಗಳನ್ನು ಹಿಂಪಡೆಯುವುದಾಗಿ ಪ್ರಧಾನಿ ಹೇಳಿದ್ದು 2021ರ ನವೆಂಬರ್ 19ರಂದು. ಆ ಘೋಷಣೆಯಿಂದ ಕಾಯ್ದೆಗಳು ಹೋಗಲಿಲ್ಲ; ಸಂಸತ್ತು ಅದೇ ತಿಂಗಳ 29ರಂದು ನಿರಸನ ಮಸೂದೆ ಅಂಗೀಕರಿಸಿ, ರಾಷ್ಟ್ರಪತಿಗಳ ಅಂಕಿತ ಬಿದ್ದ ಮೇಲೆ ಹೋದವು. ನ್ಯಾಯಾಲಯ ತೆಗೆದುಹಾಕಿದರೆ ನಿರಸನವಲ್ಲ: 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್ ಯೋಜನೆಯನ್ನು ಅಸಾಂವಿಧಾನಿಕವೆಂದು ‘ರದ್ದುಪಡಿಸಿತು’. ಹಳೆಯದರ ಬದಲು ಬಂದ ಕಾಯ್ದೆಗಳ ಕೊನೆಗೆ ಸಾಮಾನ್ಯವಾಗಿ ‘ನಿರಸನ ಮತ್ತು ಉಳಿಸುವಿಕೆ’ ಎಂಬ ಪ್ರಕರಣ (ಸೆಕ್ಷನ್) ಇರುತ್ತದೆ. ಹಳೆಯ ಕಾಯ್ದೆಯಡಿ ಆಗಿಹೋದ ಕ್ರಮಗಳು ಬಿದ್ದುಹೋಗದಂತೆ ಕಾಯುವುದು ಆ ಎರಡನೆಯ ಪದ.

ಪ್ರಶ್ನೆ: ‘ರದ್ದುಪಡಿಸು’ ಸರಿಯೋ, ‘ರದ್ದುಗೊಳಿಸು’ ಸರಿಯೋ?

ಉತ್ತರ: ಎರಡೂ ಸರಿ. ಮಾತಿಗೆ ‘ರದ್ದು ಮಾಡು’ ಸಾಕು. ತಾನಾಗಿ ಆದರೆ ‘ರದ್ದಾಗು’. ‘ರದ್ಧು’ ಎಂಬ ಮಹಾಪ್ರಾಣ ಮಾತ್ರ ಬೇಡ, ಅರಬ್ಬಿಯ ‘ರದ್ದ್’ನಲ್ಲಿ ಅದಿಲ್ಲ. (ಅಂಗಡಿಗೆ ತೂಕಕ್ಕೆ ಹಾಕುವ ‘ರದ್ದಿ’ ಪೇಪರಿಗೂ ಅದೇ ಮೂಲ.) ಆದೇಶ ಬರೆಯುವವರು ಕ್ರಿಯಾಪದಕ್ಕಿಂತ ದಿನಾಂಕದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕು. ‘ಹಿಂದಿನ ಆದೇಶವನ್ನು ರದ್ದುಪಡಿಸಿದೆ’ ಎಂದಷ್ಟೇ ಬರೆದರೆ ಇಂದಿನಿಂದಲೋ ಅದು ಹೊರಟ ದಿನದಿಂದಲೋ ತಿಳಿಯದು, ನಡುವೆ ಪಾವತಿಯಾದ ಬಿಲ್ಲಿನ ಮೇಲೆ ಆಡಿಟ್ ಆಕ್ಷೇಪಣೆ ಬರುವುದು ಅಲ್ಲೇ. ಹಳೆಯ ಆದೇಶದ ಸಂಖ್ಯೆ, ದಿನಾಂಕ ಕೊಟ್ಟು, ‘ತಕ್ಷಣದಿಂದ ಜಾರಿಗೆ ಬರುವಂತೆ’ ಎಂದೋ ‘ಹೊರಡಿಸಿದ ದಿನದಿಂದಲೇ’ ಎಂದೋ ಬಿಡಿಸಿ ಬರೆಯಿರಿ.