ಸರ್ವರ್ ಚಿಕ್ಕದು ಅಂದ್ರೆ ಕಾನೂನು ಬಿಡುತ್ತಾ?

ಮಾಸ್ಟೊಡಾನ್‌ನಂಥ ಸಾಮಾಜಿಕ ಜಾಲದ ಸರ್ವರನ್ನು ಸ್ವಂತವಾಗಿ ನಡೆಸುವ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತಲೇ ಇದೆ: ಅದರಲ್ಲಿ ಬರುವ ವಿಷಯಕ್ಕೆ ಹೊಣೆ ಯಾರು? ಹಾಗಾಗಿ ಈ ಸಲ ಅದಕ್ಕೇ ಜಾಸ್ತಿ ಜಾಗ. ಫೆಡರೇಷನ್ ಅಂದರೆ ಬೇರೆ ಬೇರೆಯವರು ನಡೆಸುವ ಸರ್ವರುಗಳು ಪರಸ್ಪರ ಪೋಸ್ಟು ಹಂಚಿಕೊಳ್ಳುವುದು, ಅದಕ್ಕಿಂತ ಹೆಚ್ಚು ಇಲ್ಲಿ ವಿವರಿಸುವುದಿಲ್ಲ. ಅದು ಗೊತ್ತಿಲ್ಲದವರು ದಯವಿಟ್ಟು ಸರ್ವರ್ ನಡೆಸಬೇಡಿ.

ನನ್ನ ಮಾಸ್ಟೊಡಾನ್ ಸರ್ವರಿನಲ್ಲಿ ಇರೋದು ನಲವತ್ತು ಜನ, ಎಲ್ಲ ಪರಿಚಯದವರು. ಕೆಟ್ಟದ್ದು ಬಂದರೆ ಹೊರಗಿನ ಸರ್ವರಿನಿಂದ ಬಂದಿರುತ್ತೆ. ಅದಕ್ಕೆ ನಾನೇಕೆ ಹೊಣೆ?

ಬಂದಿದ್ದು ಹೊರಗಿನಿಂದ, ಸರಿ. ಈಗ ಇರೋದು ಎಲ್ಲಿ? ನಿಮ್ಮ ಡಿಸ್ಕಿನಲ್ಲಿ. ನಿಮ್ಮವರೊಬ್ಬರು ಹೊರಗಿನ ಖಾತೆಯನ್ನು ಫಾಲೋ ಮಾಡಿದರೆ ಸಾಕು, ಅದರ ಹೊಸ ಪೋಸ್ಟು, ಚಿತ್ರಗಳ ಪ್ರತಿ ನಿಮ್ಮಲ್ಲಿ ಉಳಿಯುತ್ತದೆ, ನಿಮ್ಮ ಸರ್ವರಿನಿಂದಲೇ ಜನರಿಗೆ ಹೋಗುತ್ತದೆ. ಹಲವು ಸರ್ವರುಗಳ ಪೋಸ್ಟುಗಳನ್ನು ಒಟ್ಟಿಗೆ ಹಂಚುವ ರಿಲೇಗೆ ಸೇರಿದ್ದರಂತೂ ಯಾರೂ ಫಾಲೋ ಮಾಡದವರ ಪೋಸ್ಟುಗಳೂ ಬಂದು ಬೀಳುತ್ತವೆ. ಟೈಮ್‌ಲೈನ್ ಖಾಲಿ ಕಾಣುತ್ತೆ ಅಂತ ರಿಲೇಗೆ ಸೇರುವವರನ್ನು ಕಂಡರೆ ನನಗೆ ರೇಗುತ್ತದೆ. ಖಾಲಿ ಇದ್ದರೆ ಇರಲಿ ಬಿಡಿ.

ಇದು ಸುಮ್ನೆ ಹೆದರಿಸುವ ಮಾತಲ್ಲ. 2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಂಟರ್ನೆಟ್ ಅಬ್ಸರ್ವೇಟರಿಯವರು ದೊಡ್ಡ ಸರ್ವರುಗಳ ಸಾರ್ವಜನಿಕ ಪೋಸ್ಟುಗಳನ್ನು ಎರಡು ದಿನ ಜಾಲಾಡಿದರು. ಮಕ್ಕಳ ಲೈಂಗಿಕ ಶೋಷಣೆಯದ್ದೆಂದು ಮೊದಲೇ ಗುರುತಾಗಿದ್ದ ಚಿತ್ರಗಳು 112 ಸಲ ಸಿಕ್ಕವು.

ಬಳಕೆದಾರರು ಹಾಕಿದ್ದಕ್ಕೆ ಹೋಸ್ಟ್ ಮಾಡುವವರನ್ನು ನೇರವಾಗಿ ಹಿಡಿಯಬಾರದು ಎಂಬ ರಕ್ಷಣೆ ಹಲವು ದೇಶಗಳಲ್ಲಿದೆ. ಆದರೆ ಬಹುತೇಕ ಕಡೆ ಅದಕ್ಕೊಂದು ಷರತ್ತಿದೆ: ಗೊತ್ತಾದ ಮೇಲೆ ಕೈಕಟ್ಟಿ ಕೂರಬಾರದು. ಯುರೋಪಿನ ಡಿಜಿಟಲ್ ಸರ್ವಿಸಸ್ ಆಕ್ಟ್ (ಡಿಎಸ್‌ಎ) ಚಿಕ್ಕ ಸಂಸ್ಥೆಗಳಿಗೆ ಹಲವು ವಿನಾಯಿತಿ ಕೊಟ್ಟಿದೆ. ಹಾಗಂತ ದೂರು ಕೊಡಲು ದಾರಿ ಇಡುವುದು, ತೆಗೆದುಹಾಕಿದರೆ ಕಾರಣ ತಿಳಿಸುವುದು ತಪ್ಪುವುದಿಲ್ಲ. ಬ್ರಿಟನ್ನಿನ ಆನ್‌ಲೈನ್ ಸೇಫ್ಟಿ ಆಕ್ಟ್ ಅಡಿಯಲ್ಲಿ ಬರುವ ಸರ್ವರ್ ಎಷ್ಟೇ ಚಿಕ್ಕದಿರಲಿ, ಅಕ್ರಮ ವಿಷಯದ ಅಪಾಯ ಎಷ್ಟಿದೆ ಎಂದು ಅಂದಾಜು ಮಾಡಿ ಬರೆದಿಡಬೇಕು.

ಮಕ್ಕಳ ಶೋಷಣೆಯ ಅಂಥ ಚಿತ್ರ ಸಿಕ್ಕೇಬಿಟ್ಟರೆ? ಸ್ಕ್ರೀನ್‌ಶಾಟ್ ತೆಗೆದು ಬೇರೆ ಅಡ್ಮಿನ್‌ಗಳಿಗೆ (ಸರ್ವರ್ ನಡೆಸುವವರಿಗೆ) "ನೋಡಿ ಇದನ್ನ" ಅಂತ ಕಳಿಸಬೇಡಿ. ಅದು ಹಂಚಿದ ಹಾಗೇ. ಲಿಂಕ್, ಖಾತೆ, ಸಮಯ ಗುರುತು ಮಾಡಿಕೊಳ್ಳಿ. ಯಾರಿಗೂ ಕಾಣದಂತೆ ಮಾಡಿ, ವರದಿ ಕೊಡಿ. ಗಾಬರಿಬಿದ್ದು ಎಲ್ಲ ಅಳಿಸಿ ಕೈತೊಳೆದುಕೊಳ್ಳುವುದೂ ತಪ್ಪಾಗಬಹುದು. ಅಮೆರಿಕದಲ್ಲಿ ವರದಿ ಹೋಗಬೇಕಾದ್ದು ಕಾಣೆಯಾದ, ಶೋಷಣೆಗೊಳಗಾದ ಮಕ್ಕಳ ರಾಷ್ಟ್ರೀಯ ಕೇಂದ್ರವಾದ ಎನ್‌ಸಿಎಂಇಸಿಗೆ. ವರದಿ ಮಾಡಿದ ವಿಷಯವನ್ನು ಒಂದು ವರ್ಷ ಭದ್ರವಾಗಿ ಕಾಯ್ದಿಡಬೇಕು. ನಿಮ್ಮ ದೇಶದಲ್ಲಿ ಯಾರಿಗೆ ಹೇಳಬೇಕು, ಏನನ್ನು ಇಟ್ಟುಕೊಳ್ಳಬಹುದು ಎಂದು ಇವತ್ತೇ ವಕೀಲರನ್ನು ಕೇಳಿ. ರಾತ್ರಿ ಎರಡು ಗಂಟೆಗೆ ದೂರು ಬಂದಾಗ ಹುಡುಕುತ್ತಾ ಕೂರುವ ವಿಷಯ ಇದಲ್ಲ.

ಸೆಟ್ಟಿಂಗ್ ವಿಷಯದಲ್ಲಿ ನಾನು ಸ್ವಲ್ಪ ಪುಕ್ಕಲು. ಹೊರಗಿನಿಂದ ಬಂದ ಚಿತ್ರ, ವಿಡಿಯೋಗಳ ಪ್ರತಿಗಳು ಕೂಡುವ ಮೀಡಿಯಾ ಕ್ಯಾಶ್ ಏಳು ದಿನಕ್ಕೆ ಖಾಲಿಯಾಗಲಿ. ಅನುಮಾನದ ಡೊಮೈನ್‌ಗಳಿಂದ ಮೀಡಿಯಾ ತಗೊಳ್ಳಲೇಬೇಡಿ. ನಿಮ್ಮ ಒಪ್ಪಿಗೆ ಇಲ್ಲದೆ ಯಾರಿಗೂ ಹೊಸ ಖಾತೆ ಬೇಡ. ನೀವು ಊರಲ್ಲಿ ಇಲ್ಲದಾಗ ದೂರು ನೋಡಲು ಇನ್ನೊಬ್ಬರು ಇರಲಿ. ಅಂಥವರು ಸಿಗದಿದ್ದರೆ ನಿಮ್ಮೊಬ್ಬರ ಖಾತೆಗೇ ಸರ್ವರ್ ಸಾಕು.

"ಇಲ್ಲಿನ ವಿಷಯಕ್ಕೆ ನಾವು ಹೊಣೆಯಲ್ಲ" ಎಂದು ಬರೆದು ಹಾಕಿದರೆ ಸಾಲದೇ?

ಸಾಲದು. ಇದೇ ಸಾಲನ್ನು ಕಾನೂನು ಪಾಲನೆಯ "ಕಂಪ್ಲಯನ್ಸ್ ಕಿಟ್" ಅಂತ ದುಡ್ಡಿಗೆ ಮಾರುವ ಮಹಾಶಯರಿಂದಲೂ ದೂರ ಇರಿ.

ಸರ್ವರ್ ಬಾಡಿಗೆಗೆ ತಗೊಂಡಿರೋದು ಬೇರೆ ದೇಶದಲ್ಲಿ. ಇಲ್ಲಿನ ಕಾನೂನು ತಟ್ಟಲ್ಲ ಅಲ್ವಾ?

ಸರ್ವರ್ ಅಲ್ಲಿದೆ. ನೀವು ಇಲ್ಲಿದ್ದೀರಿ.

ಬಳಕೆದಾರರು ಹಾಕಿದ್ದಕ್ಕೆ ಹೋಸ್ಟ್ ಮಾಡುವವರು ಹೊಣೆಯಲ್ಲ ಅನ್ನುವ ಸೆಕ್ಷನ್ 230 ಅಮೆರಿಕದಲ್ಲಿ ಇದೆಯಲ್ಲ?

ಅದು ಫೆಡರಲ್ ಅಪರಾಧ ಕಾನೂನಿಗೂ ಕಾಪಿರೈಟಿಗೂ ಅನ್ವಯಿಸುವುದಿಲ್ಲ. ಕಾಪಿರೈಟ್ ರಕ್ಷಣೆ ಬೇಕಿದ್ದರೆ ಕಾಪಿರೈಟ್ ಆಫೀಸಿನಲ್ಲಿ ಡಿಎಂಸಿಎ (ಅಮೆರಿಕದ ಕಾಪಿರೈಟ್ ಕಾನೂನು) ಅಡಿಯಲ್ಲಿ ದೂರು ಸ್ವೀಕರಿಸುವ ಏಜೆಂಟ್ ಹೆಸರು ನೋಂದಾಯಿಸಿ. 6 ಡಾಲರ್ ಆಗುತ್ತದೆ. ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು, ಜನ ಮರೆಯುವುದು ಇದನ್ನೇ.

ತಡೆಯಬೇಕಾದ ಸಾವಿರಾರು ಡೊಮೈನ್ ಇರುವ ಬ್ಲಾಕ್‌ಲಿಸ್ಟ್ ಸಿಕ್ಕಿದೆ. ಹಾಕಿಬಿಡಲಾ?

ಓದದೆ ಹಾಕಬೇಡಿ. ಒಂದು ಡೊಮೈನನ್ನು ಸಸ್ಪೆಂಡ್ ಮಾಡಿದರೆ, ಅಲ್ಲಿನವರ ಜೊತೆಗಿನ ನಿಮ್ಮ ಬಳಕೆದಾರರ ಫಾಲೋಗಳು ಮುರಿದುಹೋಗುತ್ತವೆ. ಆಮೇಲೆ ಬ್ಲಾಕ್ ತೆಗೆದರೂ ತಾವಾಗಿ ವಾಪಸ್ ಬರುವುದಿಲ್ಲ.

ನಮ್ಮ ಬಳಕೆದಾರರ ಖಾಸಗಿ ಸಂದೇಶಗಳು ಭದ್ರವಾಗಿವೆ ತಾನೇ?

ಮಾಸ್ಟೊಡಾನ್‌ನಲ್ಲಿ ಅವು ಎಂಡ್-ಟು-ಎಂಡ್ ಎನ್‌ಕ್ರಿಪ್ಟ್ (ಕಳಿಸಿದವರು, ಪಡೆದವರು ಮಾತ್ರ ಓದುವಂತೆ ಗೂಢಲಿಪಿ) ಆಗಿರುವುದಿಲ್ಲ. ಡೇಟಾಬೇಸ್ ಕೈಗೆ ಸಿಕ್ಕವರು ಓದಬಹುದು. 2023ರ ಮೇ ತಿಂಗಳಲ್ಲಿ ಕೊಲೆಕ್ಟಿವಾ ಎಂಬ ಮಾಸ್ಟೊಡಾನ್ ಸರ್ವರಿನ ಅಡ್ಮಿನ್ ಒಬ್ಬರ ಮನೆ ಮೇಲೆ ಎಫ್‌ಬಿಐ ದಾಳಿ ನಡೆಯಿತು. ಪ್ರಕರಣಕ್ಕೂ ಸರ್ವರಿಗೂ ಸಂಬಂಧವಿರಲಿಲ್ಲ. ಆದರೆ ಎನ್‌ಕ್ರಿಪ್ಟ್ ಮಾಡದ ಡೇಟಾಬೇಸ್ ಬ್ಯಾಕಪ್ ಆ ಮನೆಯಲ್ಲೇ ಇತ್ತು, ಅದೂ ಜಪ್ತಿಯಾಯಿತು. ಬ್ಯಾಕಪ್ ಎನ್‌ಕ್ರಿಪ್ಟ್ ಮಾಡಿ. ಯಾರು ಯಾವ ಇಂಟರ್ನೆಟ್ ವಿಳಾಸದಿಂದ ಬಂದರು ಎಂಬ ಹಳೆಯ ಐಪಿ ಲಾಗ್‌ಗಳನ್ನು ವರ್ಷಗಟ್ಟಲೆ ಕೂಡಿಡಬೇಡಿ. ಖಾಸಗಿ ಸಂದೇಶಗಳನ್ನು ಅಡ್ಮಿನ್ ಓದಬಹುದು ಎಂದು ನಿಮ್ಮ ಬಳಕೆದಾರರಿಗೆ ನೀವೇ ಹೇಳಿಬಿಡಿ.